ಚಿಕ್ಕ ವಿಮಾನದ ಎಂಜಿನ್ ನಿಂತರೆ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

1965ರ ಯುದ್ಧದಲ್ಲಿ ಮಡಿದ ವಾಯುಪಡೆಯ ಪೈಲಟ್ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಜಿಲ್ಲೆಯಲ್ಲಿ ವಿಮಾನದ ಮಾತು ಹೊಸದಲ್ಲ. ವಾಯುಪಡೆಯಿಂದ ನಿವೃತ್ತರಾಗಿ ಕಾಫಿ ತೋಟ ನೋಡಿಕೊಳ್ಳುತ್ತಿರುವವರು ಇಲ್ಲಿ ಹಲವರಿದ್ದಾರೆ. ಆದರೆ ಮದುವೆ ಮನೆಯ ಊಟದ ಸಾಲಿನಲ್ಲಾಗಲಿ, ಬರುವ ಪತ್ರಗಳಲ್ಲಾಗಲಿ, ನನ್ನ ಬರಹಗಳಿಗೆ ಬರುವ ಪ್ರತಿಕ್ರಿಯೆಗಳಲ್ಲಾಗಲಿ ಯುದ್ಧವಿಮಾನದ ಬಗ್ಗೆ ಕೇಳುವವರು ಕಡಿಮೆ. ತಲೆಯ ಮೇಲೆ ಗುಂಯ್‌ಗುಟ್ಟುತ್ತ ಹೋಗುವ ಎರಡು ಸೀಟಿನ ಮೈಕ್ರೋಲೈಟ್ ಮತ್ತು ಮಕ್ಕಳು ಪೈಲಟ್ ತರಬೇತಿ ಪಡೆಯುವ ಸೆಸ್ನಾ, ಈ ಎರಡರ ಬಗ್ಗೆಯೇ ಹೆಚ್ಚಿನ ಕುತೂಹಲ. ಎಂಜಿನ್ ಕೆಲಸದಲ್ಲೇ ಕೈ ಕಪ್ಪಾಗಿಸಿಕೊಂಡವನಾದ್ದರಿಂದ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಮೇಲೆ ಎಂಜಿನ್ ನಿಂತುಹೋದರೆ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ, ಅಲ್ಲವೇ?

ಇಲ್ಲ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ಎಂಜಿನ್ ಅದನ್ನು ಮುಂದಕ್ಕೆ ಎಳೆಯುತ್ತದೆ, ಅಷ್ಟೆ. ಎಳೆತ ನಿಂತಾಗ ಪೈಲಟ್ ಮೂಗನ್ನು ತುಸು ತಗ್ಗಿಸಿ, ಎತ್ತರವನ್ನು ಖರ್ಚು ಮಾಡುತ್ತ ವೇಗವನ್ನು ಉಳಿಸಿಕೊಳ್ಳುತ್ತಾರೆ. ಸೆಸ್ನಾ 172 ಸುಮಾರು 65 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 120 ಕಿಲೋಮೀಟರಿನಂತೆ ತೇಲಿದರೆ, ಗಾಳಿಯಿಲ್ಲದ ದಿನ ಪ್ರತಿ ಸಾವಿರ ಅಡಿ ಎತ್ತರಕ್ಕೆ ಎರಡೂವರೆ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಹೋಗುತ್ತದೆ. ನೆಲದಿಂದ 3000 ಅಡಿ ಮೇಲಿದ್ದರೆ ಎಂಟು ಕಿಲೋಮೀಟರ್ ದೂರ, ನಾಲ್ಕು ನಿಮಿಷ ಸಮಯ ಕೈಯಲ್ಲಿರುತ್ತದೆ. ಗೋಣಿಕೊಪ್ಪಲಿನ ಮೇಲೆ ನಿಂತರೆ ಪೊನ್ನಂಪೇಟೆ ದಾಟಬಹುದು. ಬಟ್ಟೆಯ ರೆಕ್ಕೆಯ ಮೈಕ್ರೋಲೈಟ್ ಇದಕ್ಕಿಂತ ಕಡಿದಾಗಿ ಇಳಿಯುತ್ತದೆ. ಆದರೆ ಅದರ ವೇಗವೂ ಕಡಿಮೆ, ನಿಲ್ಲಲು ಬೇಕಾದ ಜಾಗವೂ ಕಡಿಮೆ.

ಜೀವ ತೆಗೆಯುವುದು ಬೇರೆ ಸಂಗತಿ. ನೆಲ ಹತ್ತಿರವಾಗುತ್ತಿದೆ ಎಂಬ ಗಾಬರಿಯಲ್ಲಿ ಮೂಗನ್ನು ಮೇಲಕ್ಕೆ ಎಳೆದರೆ ವೇಗ ಸತ್ತು, ರೆಕ್ಕೆಯ ಮೇಲಿನ ಗಾಳಿಯ ಹರಿವು ಒಡೆದು, ವಿಮಾನ ನಿಜಕ್ಕೂ ಬೀಳುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ.

ಜೀಪೂ ಪೆಟ್ರೋಲಿನಲ್ಲಿ ಓಡುತ್ತದೆ, ಇದೂ ಪೆಟ್ರೋಲಿನಲ್ಲಿ ಓಡುತ್ತದೆ. ಎಂಜಿನ್‌ನಲ್ಲಿ ಅಂಥ ವ್ಯತ್ಯಾಸವೇನು?

ಜೀಪು ಘಾಟಿ ಹತ್ತುವಾಗ ಮಾತ್ರ ಏದುಸಿರು ಬಿಡುತ್ತದೆ. ವಿಮಾನದ ಎಂಜಿನ್ ಗಂಟೆಗಟ್ಟಲೆ ತನ್ನ ಶಕ್ತಿಯ ಮುಕ್ಕಾಲು ಪಾಲನ್ನು ಸುರಿಯುತ್ತಲೇ ಇರಬೇಕು. ಸೆಸ್ನಾಗಳಲ್ಲಿರುವ ಲೈಕಮಿಂಗ್ ಎಂಜಿನ್ ಗಾಳಿಯಿಂದಲೇ ತಣಿಯುತ್ತದೆ. ಗೇರ್ ಬಾಕ್ಸ್ ಇಲ್ಲ, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡದ ತುದಿಗೇ ಪ್ರೊಪೆಲ್ಲರ್. ಮೈಕ್ರೋಲೈಟ್‌ಗಳಲ್ಲಿ ಸಾಮಾನ್ಯವಾದ ರೋಟ್ಯಾಕ್ಸ್ 912 ನಿಮಿಷಕ್ಕೆ 5800 ಸುತ್ತಿನವರೆಗೆ ತಿರುಗಿ, ಗೇರ್ ಮೂಲಕ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುತ್ತದೆ.

ದೊಡ್ಡ ವ್ಯತ್ಯಾಸ ಕಿಡಿಯದ್ದು. ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್, ಅವುಗಳಿಗೆ ಎರಡು ಪ್ರತ್ಯೇಕ ಕಿಡಿ ವ್ಯವಸ್ಥೆ. ಲೈಕಮಿಂಗ್‌ನಲ್ಲಿ ಆ ಕೆಲಸ ಮ್ಯಾಗ್ನೆಟೊಗಳದು. ಬ್ಯಾಟರಿ ಪೂರ್ತಿ ಸತ್ತರೂ ಎಂಜಿನ್ ತಿರುಗುತ್ತಿರುವವರೆಗೆ ಅವು ಕಿಡಿ ಕೊಡುತ್ತವೆ. ಇದರ ಇನ್ನೊಂದು ಮುಖ ಅಪಾಯಕಾರಿ. ಮ್ಯಾಗ್ನೆಟೊವನ್ನು ಆಫ್ ಮಾಡುವುದೆಂದರೆ ಒಂದು ತಂತಿಯ ಮೂಲಕ ಅದನ್ನು ಅರ್ಥ್ ಮಾಡುವುದು. ಆ ತಂತಿ ಮುರಿದಿದ್ದರೆ ಕೀಲಿ ನಿಮ್ಮ ಜೇಬಿನಲ್ಲಿದ್ದರೂ ಪ್ರೊಪೆಲ್ಲರನ್ನು ಸುಮ್ಮನೆ ತಳ್ಳಿದಾಗ ಎಂಜಿನ್ ಹೊತ್ತಿಕೊಳ್ಳಬಹುದು. ಫೋಟೋಗಾಗಿ ಪ್ರೊಪೆಲ್ಲರ್ ಹಿಡಿದು ನಿಲ್ಲುವವರನ್ನು ಕಂಡಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಕಲಸುತ್ತದೆ.

ಎಂಜಿನ್ ನಿಲ್ಲುವುದು ಸಾಮಾನ್ಯವಾಗಿ ಯಾವ ಭಾಗ ಮುರಿದು?

ಹಲವು ಸಲ ಏನೂ ಮುರಿದಿರುವುದಿಲ್ಲ, ಇಂಧನ ತಲುಪಿರುವುದಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2017ರಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ ಇಂಧನ ನಿರ್ವಹಣೆಯ ತಪ್ಪಿನಿಂದ ಆ ದೇಶದಲ್ಲಿ ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಪಘಾತಗಳು ಆಗುತ್ತಿದ್ದವು. ಕೆಲವರು ಟ್ಯಾಂಕ್ ಬರಿದಾಗುವವರೆಗೆ ಹಾರಿದ್ದರು. ಇನ್ನು ಕೆಲವರ ಒಂದು ಟ್ಯಾಂಕ್ ತುಂಬಿತ್ತು, ವಾಲ್ವ್ ಮಾತ್ರ ಬರಿದಾದ ಟ್ಯಾಂಕಿನ ಕಡೆಗೆ ತಿರುಗಿತ್ತು.

ಚಿಕ್ಕ ವಿಮಾನದ ಇಂಧನ ಮುಳ್ಳನ್ನು ನಂಬಬಾರದು. ಟ್ಯಾಂಕಿನ ಮುಚ್ಚಳ ತೆರೆದು ಅಳತೆ ಕೋಲು ಅದ್ದಿ ನೋಡಬೇಕು. ಬಳಿಕ ಟ್ಯಾಂಕಿನ ತಳದ ವಾಲ್ವ್ ಒತ್ತಿ ಗಾಜಿನಂಥ ಲೋಟಕ್ಕೆ ಸ್ವಲ್ಪ ಬಿಟ್ಟು ನೀರಿದೆಯೇ ಎಂದು ನೋಡಬೇಕು. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ಗುಳ್ಳೆಯಂತೆ ಕುಳಿತಿರುತ್ತದೆ. ನಮ್ಮ ಮಳೆಗೆ ಮುಚ್ಚಳದ ರಬ್ಬರ್ ಬಳೆ ಒಂದಿಷ್ಟು ಬಿರಿದಿದ್ದರೆ ಸಾಕು, ರಾತ್ರಿ ಬೆಳಗಾಗುವುದರೊಳಗೆ ನೀರು ಒಳಗಿರುತ್ತದೆ.

ಬಂಕಿನ ಪೆಟ್ರೋಲ್ ಹಾಕಿದರೆ ನಡೆಯುವುದಿಲ್ಲವೇ?

ಲೈಕಮಿಂಗ್‌ಗೆ ಬೇಕಾದದ್ದು ನೀಲಿ ಬಣ್ಣದ ಏವ್‌ಗ್ಯಾಸ್ 100 ಎಲ್ಎಲ್. ಬಹುಕಾಲ ಆಮದಾಗುತ್ತಿದ್ದ ಇದನ್ನು ಇಂಡಿಯನ್ ಆಯಿಲ್ 2022ರಲ್ಲಿ ದೇಶದಲ್ಲೇ ತಯಾರಿಸಿ ಬಿಡುಗಡೆ ಮಾಡಿತು. ರೋಟ್ಯಾಕ್ಸ್ 912 ವಾಹನದ ಪೆಟ್ರೋಲಿನಲ್ಲೂ ಓಡುವಂತೆ ಮಾಡಿದ ಎಂಜಿನ್. ತೊಡಕು ಇರುವುದು ಎಥನಾಲ್‌ನಲ್ಲಿ. ರೋಟ್ಯಾಕ್ಸ್ ಒಪ್ಪುವುದು ಶೇಕಡ 10ರವರೆಗೆ. ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇಕಡ 20 ಬೆರೆಸಿದ ಇ20. ಎಥನಾಲ್ ತೇವವನ್ನು ಹೀರುತ್ತದೆ, ಕೆಲವು ಬಗೆಯ ರಬ್ಬರ್ ನಳಿಕೆಗಳನ್ನು ಕೆಡಿಸುತ್ತದೆ. ಹೀರಿದ ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಹೀರುವುದೂ ಅಲ್ಲಿಂದಲೇ.

ಪರೀಕ್ಷೆ ಸುಲಭ. ಗೆರೆ ಹಾಕಿದ ಗಾಜಿನ ನಳಿಕೆಗೆ ಸ್ವಲ್ಪ ನೀರು ಹಾಕಿ ಗುರುತು ಮಾಡಿ, ಪೆಟ್ರೋಲ್ ತುಂಬಿ, ಅಲ್ಲಾಡಿಸಿ ಬಿಡಿ. ತಳದ ನೀರಿನ ಮಟ್ಟ ಮೊದಲಿಗಿಂತ ಏರಿದ್ದರೆ ಎಥನಾಲ್ ಇದೆ ಎಂದರ್ಥ. ಎಷ್ಟು ಏರಿದೆ ಎಂಬುದರಿಂದ ಪ್ರಮಾಣದ ಅಂದಾಜೂ ಸಿಗುತ್ತದೆ.

ಮೈಕ್ರೋಲೈಟ್ ಹತ್ತುವ ಮೊದಲು ನಾವು ಏನು ಕೇಳಬೇಕು? ನಮಗೆ ಎಂಜಿನ್ ಬಗ್ಗೆ ಏನೂ ಗೊತ್ತಿಲ್ಲ.

ಎಂಜಿನ್ ಗೊತ್ತಿರಬೇಕಾಗಿಲ್ಲ. ವಿಮಾನದ ಮೇಲೆ ವಿಟಿ ಎಂದು ಆರಂಭವಾಗುವ ನೋಂದಣಿ ಅಕ್ಷರಗಳಿವೆಯೇ, ಪೈಲಟ್ ಬಳಿ ಚಾಲ್ತಿಯಲ್ಲಿರುವ ಪರವಾನಗಿ ಇದೆಯೇ, ಹಾರಾಟಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ ಇದೆಯೇ, ಕೊನೆಯ ತಪಾಸಣೆ ಯಾವಾಗ ಆಯಿತು, ಇಷ್ಟು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಉತ್ತರ ಸಿಕ್ಕಿತೆಂದೇ ಲೆಕ್ಕ.

ಆಮೇಲೆ ಸುಮ್ಮನೆ ನೋಡುತ್ತ ನಿಲ್ಲಿ. ಪೈಲಟ್ ವಿಮಾನವನ್ನು ಸುತ್ತು ಹಾಕಿ, ಮುಟ್ಟಿ, ಬಗ್ಗಿ ನೋಡುತ್ತಾರೆಯೇ? ಇಂಧನವನ್ನು ಲೋಟಕ್ಕೆ ಬಿಟ್ಟು ಬೆಳಕಿಗೆ ಹಿಡಿಯುತ್ತಾರೆಯೇ? ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಹತ್ತಿಸುವ ಅವಸರದಲ್ಲಿ ಎಂಜಿನನ್ನು ಓಡಿಸುತ್ತಲೇ ಇಟ್ಟಿದ್ದಾರೆಯೇ? ಗಾಳಿ ಹೆಚ್ಚಿದೆ, ಇವತ್ತು ಬೇಡ ಎಂದರೆ ಬೆಂಗಳೂರಿನಿಂದ ಬಂದಿದ್ದೇವೆ ಎಂದು ಚೌಕಾಸಿಗೆ ಇಳಿಯಬೇಡಿ.

ನಮ್ಮ ಗದ್ದೆಯಲ್ಲಿ ಒಂದು ವಿಮಾನ ಬಂದು ಬಿದ್ದರೆ ನಾವೇನು ಮಾಡಬೇಕು?

112ಕ್ಕೆ ಕರೆ ಮಾಡಿ. ಬೀಡಿ, ಸಿಗರೇಟು ಯಾರ ಕೈಯಲ್ಲೂ ಇರಬಾರದು. ಹಿಂದಿನಿಂದ ಅಥವಾ ಪಕ್ಕದಿಂದ ಹೋಗಿ, ಪ್ರೊಪೆಲ್ಲರಿನ ಹತ್ತಿರ ಸುಳಿಯಬೇಡಿ. ಬೆಂಕಿಯ ಭಯವಿದ್ದರೆ ಒಳಗಿದ್ದವರನ್ನು ಹೊರಗೆಳೆಯಿರಿ. ಇಲ್ಲದಿದ್ದರೆ ಕತ್ತು, ಬೆನ್ನು ಅಲುಗಿಸದೆ ಆಂಬುಲೆನ್ಸ್‌ಗೆ ಕಾಯುವುದು ಒಳ್ಳೆಯದು. ಕೆಲವು ಚಿಕ್ಕ ವಿಮಾನಗಳಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇರುತ್ತದೆ. ಅದನ್ನು ಹೊರಕ್ಕೆ ಎಸೆಯುವುದು ರಾಕೆಟ್. ಹಾರದೆ ಉಳಿದ ರಾಕೆಟ್ ಜೀವಂತ ಸಿಡಿಮದ್ದು. ಕೆಂಪು ಹಿಡಿಕೆ, ತ್ರಿಕೋನ ಎಚ್ಚರಿಕೆ ಚೀಟಿ ಕಂಡರೆ ಮುಟ್ಟಬೇಡಿ. ಜೀವ ಉಳಿಸುವ ಕೆಲಸ ಮುಗಿದ ಮೇಲೆ ಒಂದು ಬೋಲ್ಟನ್ನೂ ಎತ್ತಿಕೊಂಡು ಹೋಗಬಾರದು. ವಿಮಾನ ಅಪಘಾತ ತನಿಖಾ ಬ್ಯೂರೋದವರಿಗೆ ವಾಲ್ವ್ ಯಾವ ಕಡೆ ತಿರುಗಿತ್ತು ಎಂಬುದೇ ಸಾಕ್ಷಿ.

## ಮಳೆ, ಮಂಜು, ಬೆಟ್ಟ

ಕೊಡಗಿನಲ್ಲಿ ಹಿಮ ಬೀಳುವುದಿಲ್ಲ. ಎಂಜಿನ್ ಒಳಗೆ ಮಂಜುಗಡ್ಡೆ ಕಟ್ಟುತ್ತದೆ ಎಂದರೆ ಹೇಗೆ ನಂಬುವುದು?

ಇದನ್ನು ನಂಬದವರಲ್ಲಿ ಹೊಸ ಪೈಲಟ್‌ಗಳೂ ಇದ್ದಾರೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ನ ಕಿರಿದಾದ ಗಂಟಲಿನಲ್ಲಿ ಗಾಳಿ ವೇಗ ಹೆಚ್ಚಿಸಿಕೊಂಡು ನುಗ್ಗುವಾಗ ಅದರ ಒತ್ತಡ ಇಳಿದು ತಣಿಯುತ್ತದೆ. ಅಲ್ಲೇ ಪೆಟ್ರೋಲ್ ಆವಿಯಾಗುತ್ತ ಇನ್ನಷ್ಟು ಶಾಖವನ್ನು ಕಸಿಯುತ್ತದೆ. ಎರಡೂ ಸೇರಿ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚು ಕುಸಿಯಬಹುದು. ಹೊರಗೆ 20 ಡಿಗ್ರಿ ಇದ್ದರೂ ಒಳಗೆ ಸೊನ್ನೆಗಿಂತ ಕೆಳಗೆ. ಗಾಳಿಯಲ್ಲಿನ ತೇವ ಅಲ್ಲಿ ಗಡ್ಡೆಯಾಗಿ ಅಂಟಿ ಎಂಜಿನ್ನಿನ ಉಸಿರು ಕಟ್ಟುತ್ತದೆ. ಅತಿ ಹೆಚ್ಚು ಅಪಾಯ 21 ಡಿಗ್ರಿಗಿಂತ ಕಡಿಮೆ ಉಷ್ಣತೆ, ಶೇಕಡ 80ಕ್ಕಿಂತ ಹೆಚ್ಚು ತೇವ ಇರುವಾಗ ಎಂದು ಪೈಲಟ್‌ಗಳ ಕೈಪಿಡಿಗಳು ಹೇಳುತ್ತವೆ. ಮಡಿಕೇರಿಯ ಮಳೆಗಾಲದ ವಿವರಣೆಯನ್ನೇ ಓದಿದಂತಿದೆ!

ಥ್ರಾಟಲ್ ಇಳಿಸಿ ಕೆಳಗಿಳಿಯುವಾಗ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಗಂಟಲು ಆಗಲೇ ಅರ್ಧ ಮುಚ್ಚಿರುತ್ತದೆ. ಲಕ್ಷಣ ಸದ್ದಿಲ್ಲದ್ದು: ಪೈಲಟ್ ಏನನ್ನೂ ಮುಟ್ಟದಿದ್ದರೂ ಎಂಜಿನ್ ಸುತ್ತು ಮೆಲ್ಲಗೆ ಕುಸಿಯುತ್ತದೆ. ಮದ್ದು ಕಾರ್ಬುರೇಟರ್ ಹೀಟ್: ಸೈಲೆನ್ಸರಿನ ಸುತ್ತ ಬಿಸಿಯಾದ ಗಾಳಿಯನ್ನು ಒಳಗೆ ಬಿಡುವ ಗುಂಡಿ. ಅದನ್ನು ಎಳೆದ ತಕ್ಷಣ ಎಂಜಿನ್ ಇನ್ನಷ್ಟು ಕೆಮ್ಮುತ್ತದೆ, ಕರಗಿದ ನೀರು ಒಳಗೆ ಹೋಗುತ್ತಿರುತ್ತದೆ. ಇದು ಕೆಲಸ ಕೆಡಿಸಿತು ಎಂದುಕೊಂಡು ಗುಂಡಿಯನ್ನು ಹಿಂದಕ್ಕೆ ತಳ್ಳುವವರೇ ಗದ್ದೆಗೆ ಇಳಿಯುವವರು. ತಾಳಬೇಕು. ತಡ ಮಾಡಿದರೂ ಕಷ್ಟ, ನಿಂತ ಎಂಜಿನ್‌ಗೆ ಬಿಸಿ ಕೊಡುವ ಶಕ್ತಿ ಬೇಗ ಉಡುಗುತ್ತದೆ. ವಿಪರ್ಯಾಸವೆಂದರೆ ಅಪಘಾತದ ಸ್ಥಳಕ್ಕೆ ಯಾರಾದರೂ ತಲುಪುವಷ್ಟರಲ್ಲಿ ಗಡ್ಡೆ ಕರಗಿ ಸಾಕ್ಷಿಯೇ ಇರುವುದಿಲ್ಲ.

ಮಳೆಗಾಲ ಪೂರ್ತಿ ಹ್ಯಾಂಗರಿನಲ್ಲಿ ನಿಂತ ವಿಮಾನಕ್ಕೆ ಸವೆತವೇ ಇಲ್ಲವಲ್ಲ?

ಹಾರಿದ ಎಂಜಿನ್ನಿಗಿಂತ ನಿಂತ ಎಂಜಿನ್ ಬಗ್ಗೆ ನನಗೆ ಹೆಚ್ಚು ಅನುಮಾನ. ಹಲವು ಲೈಕಮಿಂಗ್‌ಗಳಲ್ಲಿ ವಾಲ್ವ್‌ಗಳನ್ನು ತೆರೆಯುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಇರುವುದು ಕ್ರ್ಯಾಂಕಿಗಿಂತ ಮೇಲ್ಗಡೆ. ನಿಂತ ದಿನಗಳಲ್ಲಿ ಆಯಿಲ್ ಕೆಳಗೆ ಜಾರಿ ಅದು ಬರಿಮೈಯಲ್ಲಿರುತ್ತದೆ. ಬಟ್ಟೆ ಒಣಗದ, ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮ ಜುಲೈ ತಿಂಗಳಲ್ಲಿ ಅದಕ್ಕೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ಆ ತುಕ್ಕು ಮುಂದಿನ ಹಾರಾಟಗಳಲ್ಲಿ ಅರೆದು ಲೋಹದ ಪುಡಿಯಾಗುತ್ತದೆ.

ವಾರಕ್ಕೊಮ್ಮೆ ಐದು ನಿಮಿಷ ನೆಲದಲ್ಲೇ ಎಂಜಿನ್ ಓಡಿಸುವುದು ಮದ್ದಲ್ಲ, ಇನ್ನೊಂದು ರೋಗ. ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರು ಆಯಿಲ್‌ನಲ್ಲಿ ಸೇರುತ್ತದೆ, ಅದನ್ನು ಆವಿ ಮಾಡುವಷ್ಟು ಬಿಸಿ ಏರುವುದಿಲ್ಲ. ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುವುದನ್ನೂ ಲೈಕಮಿಂಗ್ ಬೇಡ ಎನ್ನುತ್ತದೆ, ಅದು ಉಳಿದ ತೆಳು ಆಯಿಲ್ ಪೊರೆಯನ್ನೂ ಒರೆಸಿಬಿಡುತ್ತದೆ. ಹಾರಿಸುವುದಾದರೆ ಆಯಿಲ್ 75 ಡಿಗ್ರಿ ದಾಟಿ ಸಾಕಷ್ಟು ಹೊತ್ತು ಅಲ್ಲೇ ಇರುವಂತೆ ಹಾರಿಸಬೇಕು. ಅದು ಆಗದು ಎಂದಾದರೆ ಜೂನ್‌ಗೆ ಮೊದಲೇ ಸಂರಕ್ಷಣಾ ಆಯಿಲ್ ತುಂಬಿ, ತೇವ ಹೀರುವ ಹರಳಿನ ಪ್ಲಗ್ ಹಾಕಿ, ಬಾಯಿಗಳನ್ನೆಲ್ಲ ಮುಚ್ಚಿ ನಿಲ್ಲಿಸಬೇಕು.

ಕಣಜದ ಗೂಡಿಗೂ ವಿಮಾನದ ಎಂಜಿನ್ನಿಗೂ ಏನು ಸಂಬಂಧ?

ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಪೆನ್ಸಿಲ್ ಗಾತ್ರದ ತೂತು ಎಂದರೆ ಪ್ರೀತಿ. ಟ್ಯಾಂಕಿಗೆ ಗಾಳಿ ಹೋಗುವ ಕೊಳವೆಯಲ್ಲಿ ಗೂಡು ಕಟ್ಟಿದರೆ ಇಂಧನ ಇಳಿದಂತೆಲ್ಲ ಒಳಗೆ ನಿರ್ವಾತ ಹುಟ್ಟಿ, ಹರಿವು ನಿಲ್ಲುತ್ತದೆ. ವೇಗ ಅಳೆಯುವ ಪಿಟೊ ನಳಿಕೆಯನ್ನೂ ಅದು ಬಿಡದು. 1996ರಲ್ಲಿ ಡೊಮಿನಿಕನ್ ಗಣರಾಜ್ಯದ ತೀರದಲ್ಲಿ 189 ಜನರೊಂದಿಗೆ ಬಿದ್ದ ಬೋಯಿಂಗ್ 757ರ ಪಿಟೊವನ್ನು ಇಂಥ ಗೂಡೇ ಮುಚ್ಚಿದ್ದಿರಬೇಕು ಎಂದು ತನಿಖೆ ಹೇಳಿತು.

ಕೊಡಗಿನ ಮೇಲೆ ಎಂಜಿನ್ ನಿಂತರೆ ಇಳಿಯುವುದೆಲ್ಲಿ? ಕಂಡಲ್ಲೆಲ್ಲ ತೋಟ, ಕಾಡು.

ಇಲ್ಲಿ ಹಾರುವವರು ಕಾಲವನ್ನೂ ನೋಡಬೇಕು. ಸುಗ್ಗಿ ಹಬ್ಬ ಪುತ್ತರಿಯ ನಂತರ ಕೊಯ್ಲು ಮುಗಿದು, ಜನವರಿಯಿಂದ ಮಳೆ ಬರುವವರೆಗೆ ಗಟ್ಟಿಯಾಗಿರುವ ದಕ್ಷಿಣ ಕೊಡಗಿನ ಗದ್ದೆ ಬಯಲುಗಳೇ ನಮ್ಮ ಅತ್ಯುತ್ತಮ ತುರ್ತು ರನ್‌ವೇ. ಬದುಗಳಿಗೆ ಅಡ್ಡವಾಗಿ ಇಳಿಯದೆ, ಆದಷ್ಟು ಉದ್ದದ ಮಡಿಯಲ್ಲಿ, ಗಾಳಿಗೆ ಎದುರಾಗಿ ಇಳಿಯಬೇಕು. ಅದೇ ಗದ್ದೆ ಆಗಸ್ಟ್‌ನಲ್ಲಿ ಕೆಸರು. ಚಕ್ರ ಹೂತು ವಿಮಾನ ಮಗುಚುವುದು ಬಹುತೇಕ ಖಚಿತ, ಆದರೂ ವೇಗ ಕಡಿಮೆ ಇದ್ದರೆ ಬೆಲ್ಟ್ ಹಾಕಿದವರು ಬದುಕುತ್ತಾರೆ.

ಮೇಲಿನಿಂದ ಕಾಣದ ಮೂರು ವೈರಿಗಳಿವೆ: ಗದ್ದೆ ದಾಟುವ ವಿದ್ಯುತ್ ತಂತಿ, ಕಾಡಂಚಿನ ಆನೆ ಕಂದಕ, ಸೋಲಾರ್ ಬೇಲಿ. ತಂತಿ ಕಾಣದಿದ್ದರೂ ಕಂಬ ಕಾಣುತ್ತದೆ. ಕಂಬಗಳ ಸಾಲನ್ನು ಹುಡುಕಬೇಕು. ಕೌಟುಂಬಿಕ ಹಾಕಿ ಹಬ್ಬದ ಮೈದಾನ ಆಸೆ ಹುಟ್ಟಿಸಬಹುದು, ಜನರಿದ್ದರೆ ಅದು ಮೈದಾನವೇ ಅಲ್ಲ. ಗದ್ದೆ ಸಿಗದೆ ತೋಟವೇ ಗತಿಯಾದರೆ ನೆರಳು ಮರಗಳ ತುದಿಯನ್ನೇ ನೆಲವೆಂದು ಭಾವಿಸಿ, ಸ್ಟಾಲ್ ಆಗದಂತೆ ಸಾಧ್ಯವಾದಷ್ಟು ನಿಧಾನವಾಗಿ, ರೆಕ್ಕೆ ಮಟ್ಟವಾಗಿಟ್ಟು ಕೂರಬೇಕು. ಒಂಟಿ ಸಿಲ್ವರ್ ಓಕ್ ಕಾಂಡಕ್ಕೆ ಎದುರಾಗಿ ಹೋಗುವುದಕ್ಕಿಂತ ದಟ್ಟ ಹಸಿರಿನ ಮೇಲೆ ಇಳಿಯುವುದು ಮೇಲು.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಇಲ್ಲಿನ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ.

ಏರಿದ ಕೂಡಲೇ ನಿಂತರೆ ತಿರುಗಿ ಅದೇ ರನ್‌ವೇಗೆ ಬರಬಹುದಲ್ಲ?

ಕಡಿಮೆ ಎತ್ತರದಲ್ಲಿ ಹಾಗೆ ತಿರುಗಲು ಹೋಗಿ ಸತ್ತವರು ಬಹಳ. 180 ಡಿಗ್ರಿ ತಿರುಗಿದರೆ ನೀವು ರನ್‌ವೇಯ ಪಕ್ಕಕ್ಕೆ ಬರುತ್ತೀರಿ, ನೇರಕ್ಕಲ್ಲ. ಇನ್ನೂ ತಿರುಗಿ ಮತ್ತೆ ಹಿಂದಕ್ಕೆ ತಿರುಗಬೇಕು. 45 ಡಿಗ್ರಿ ವಾಲಿದಾಗ ಸ್ಟಾಲ್ ವೇಗ ಶೇಕಡ 19ರಷ್ಟು ಏರುತ್ತದೆ, ಬೆನ್ನಿಗೆ ಗಾಳಿ ಬೇರೆ. ಎಷ್ಟು ಎತ್ತರದ ಮೇಲೆ ತಿರುಗಬಹುದು ಎಂಬುದನ್ನು ನೆಲದ ಮೇಲಿರುವಾಗಲೇ ತೀರ್ಮಾನಿಸಿ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಅದಕ್ಕಿಂತ ಕೆಳಗೆ ಮೂಗು ತಗ್ಗಿಸಿ, ಮುಂದಿರುವ ಜಾಗದಲ್ಲೇ ಇಳಿಯಬೇಕು.

## ಹ್ಯಾಂಗರಿನೊಳಗೆ

ನಮ್ಮ ತೋಟದ ಮೆಕ್ಯಾನಿಕ್ ಯಾವ ಎಂಜಿನ್ ಆದರೂ ಬಿಚ್ಚಿ ಜೋಡಿಸುತ್ತಾನೆ. ಅವನಿಂದ ಯಾಕೆ ಮಾಡಿಸಬಾರದು?

ಅವನ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಪಂಪ್‌ಸೆಟ್, ಟಿಲ್ಲರ್, ಕಳೆ ಕತ್ತರಿಸುವ ಯಂತ್ರ ಎಲ್ಲವನ್ನೂ ಕಿವಿಯಿಂದಲೇ ಓದುವವರು ಇಲ್ಲಿದ್ದಾರೆ. ಆದರೆ ಅವರ ಹೆಮ್ಮೆ ಇರುವುದು ಹೇಗಾದರೂ ಓಡಿಸುವುದರಲ್ಲಿ. ವಿಮಾನದಲ್ಲಿ ಹೇಗಾದರೂ ಎಂಬ ಮಾತೇ ಇಲ್ಲ. ಬೋಲ್ಟನ್ನು ಟಾರ್ಕ್ ವ್ರೆಂಚ್‌ನಲ್ಲಿ ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು, ಸಡಿಲವಾಗದಂತೆ ಸೇಫ್ಟಿ ವೈರ್ ಕಟ್ಟಬೇಕು, ನೆಲಕ್ಕೆ ಬಿದ್ದ ಸ್ಪಾರ್ಕ್ ಪ್ಲಗ್ ನೋಡಲು ಚೆನ್ನಾಗಿದ್ದರೂ ಎಸೆಯಬೇಕು. ಬಿಡಿಭಾಗಕ್ಕೆ ಎಲ್ಲಿಂದ ಬಂತು ಎಂಬ ದಾಖಲೆ ಬೇಕು. ಕೊನೆಗೆ ಪರವಾನಗಿ ಇರುವ ಎಂಜಿನಿಯರ್ ಲಾಗ್ ಬುಕ್‌ನಲ್ಲಿ ಸಹಿ ಹಾಕಬೇಕು. ಐದು ವರ್ಷದ ನಂತರ ಏನಾದರೂ ಆದರೆ ಯಾರು, ಯಾವತ್ತು, ಯಾವ ಭಾಗ ಹಾಕಿದರು ಎಂದು ತಿಳಿಯುವುದು ಅಲ್ಲಿಂದಲೇ.

2000 ಗಂಟೆ ಎಂಜಿನ್ ಎನ್ನುತ್ತಾರೆ. ಅಂದರೆ ಅಲ್ಲಿಯವರೆಗೆ ಗ್ಯಾರಂಟಿಯೇ?

ಅಲ್ಲ. ಅದು ಪೂರ್ಣ ಓವರ್‌ಹಾಲ್‌ಗೆ, ಅಂದರೆ ಎಂಜಿನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸುವುದಕ್ಕೆ, ತಯಾರಕರು ಸೂಚಿಸುವ ಅವಧಿ. ಲೈಕಮಿಂಗ್ ಒ-320ಕ್ಕೆ 2000 ಗಂಟೆ ಅಥವಾ 12 ವರ್ಷ. ಎರಡು ಸ್ಟ್ರೋಕಿನ ರೋಟ್ಯಾಕ್ಸ್ 582ಕ್ಕೆ ಬರೀ 300 ಗಂಟೆ, ಮತ್ತು ಅದು ಹಠಾತ್ತನೆ ನಿಲ್ಲಬಹುದು ಎಂದು ತಯಾರಕರ ಕೈಪಿಡಿಯೇ ಎಚ್ಚರಿಸುತ್ತದೆ. ಗಂಟೆಯ ಜೊತೆ ವರ್ಷವನ್ನೂ ಕೇಳಿ. ಹಳೆಯ ವಿಮಾನ ಮಾರುವವರು 400 ಗಂಟೆ ಮಾತ್ರ ಓಡಿದೆ ಎಂದು ಹೆಮ್ಮೆಯಿಂದ ಹೇಳುವಾಗ ಅದು ಎಷ್ಟು ಮಳೆಗಾಲ ನಿಂತಿತ್ತು ಎಂದು ಹೇಳುವುದಿಲ್ಲ.

ಆಯಿಲ್ ಬದಲಿಸುವಾಗ ಫಿಲ್ಟರನ್ನು ಕತ್ತರಿಸಿ ನೋಡುವುದೇಕೆ?

ಎಂಜಿನ್ ತನ್ನ ಆರೋಗ್ಯದ ವರದಿ ಬರೆದಿಡುವುದು ಅಲ್ಲಿ. ಲೈಕಮಿಂಗ್‌ನಲ್ಲಿ ಫಿಲ್ಟರ್ ಇದ್ದರೆ 50 ಗಂಟೆ ಅಥವಾ ನಾಲ್ಕು ತಿಂಗಳಿಗೊಮ್ಮೆ, ಬರೀ ಜಾಲರಿ ಇದ್ದರೆ 25 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ಫಿಲ್ಟರಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಬೆಳಕಿನಲ್ಲಿ ಹರಡಿ, ಅಯಸ್ಕಾಂತ ಆಡಿಸಬೇಕು. ಅಂಟಿಕೊಂಡರೆ ಉಕ್ಕು, ಕ್ಯಾಮ್ ಅಥವಾ ಅದು ಒತ್ತುವ ಟ್ಯಾಪೆಟ್ ಮೇಲೆ ಕಣ್ಣಿಡಬೇಕು. ಅಂಟದೆ ಮಿನುಗಿದರೆ ಅಲ್ಯೂಮಿನಿಯಂ. ಪಿಸ್ಟನ್ ಕಡೆ ನೋಡಬೇಕು. ಇದರ ಜೊತೆ ಸಿಲಿಂಡರಿಗೆ 80 ಪಿಎಸ್ಐ ಒತ್ತಡದಲ್ಲಿ ಗಾಳಿ ತುಂಬಿ ಎಷ್ಟು ಸೋರುತ್ತದೆ, ಎಲ್ಲಿಂದ ಸೋರುತ್ತದೆ ಎಂದು ಕಿವಿಗೊಡಬೇಕು. ಸೈಲೆನ್ಸರಿನಲ್ಲಿ ಹಿಸ್ ಎಂದರೆ ಎಕ್ಸಾಸ್ಟ್ ವಾಲ್ವ್. ಪ್ಲಗ್ ತೂತಿನಿಂದ ಚಿಕ್ಕ ಕ್ಯಾಮೆರಾ ಇಳಿಸಿದರೆ ಸುಡಲು ಆರಂಭಿಸಿದ ವಾಲ್ವ್‌ನ ಅಂಚು ಮೊದಲೇ ಕಾಣುತ್ತದೆ. ಹಠಾತ್ತನೆ ಕೆಟ್ಟಿತು ಎಂದು ಹೇಳುವ ಎಷ್ಟೋ ಎಂಜಿನ್‌ಗಳು ಹೀಗೆ ಮೊದಲೇ ಹೇಳಿಕೊಂಡಿದ್ದವು, ಕೇಳುವವರಿರಲಿಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಚೆನ್ನಾಗಿಯೇ ಇತ್ತು, ಸರ್ವೀಸ್ ಮಾಡಿಸಿದ ಮೇಲೆ ಕೆಟ್ಟಿತು ಎನ್ನುತ್ತಾರೆ. ಇದು ಬರೀ ದೂರೇ?

ದೂರಲ್ಲ, ಲೆಕ್ಕ ಹಾಕಿ ತೋರಿಸಿದ ಸತ್ಯ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕರಾವಳಿ ವಾಯುದಳದ ಲಿಬರೇಟರ್ ವಿಮಾನಗಳ ದಾಖಲೆಗಳನ್ನು ವಿಜ್ಞಾನಿ ಸಿ. ಎಚ್. ವಾಡಿಂಗ್ಟನ್ ತಂಡ ಪರಿಶೀಲಿಸಿತು. ಪ್ರತಿ 50 ಗಂಟೆಯ ತಪಾಸಣೆಯಾದ ಕೂಡಲೇ ಅನಿರೀಕ್ಷಿತ ಕೆಡುಕುಗಳು ಏರಿ, ಗಂಟೆಗಳು ಕಳೆದಂತೆ ಇಳಿಯುತ್ತಿದ್ದವು. ಒಳ್ಳೆಯ ಸ್ಥಿತಿಯಲ್ಲಿದ್ದುದನ್ನು ಕೆದಕಿದ್ದೇ ಕಾರಣ. ಅನಗತ್ಯ ಬಿಚ್ಚುವಿಕೆ ಕೈಬಿಟ್ಟು, ತಪಾಸಣೆಗಳ ಅಂತರ ಹೆಚ್ಚಿಸಿದಾಗ ಹಾರಾಟದ ಗಂಟೆ ಏರಿತು. ಇದನ್ನು ತಪಾಸಣೆಯೇ ಬೇಡ ಎನ್ನಲು ನೆಪ ಮಾಡಿಕೊಳ್ಳಬಾರದು. ನೋಡುವುದು ಬೇರೆ, ಬಿಚ್ಚುವುದು ಬೇರೆ.

1983ರ ಮೇ 5ರಂದು ಮಿಯಾಮಿಯಿಂದ ನಸ್ಸಾವಿಗೆ ಹೊರಟ ಈಸ್ಟರ್ನ್ ಏರ್‌ಲೈನ್ಸ್‌ನ ಟ್ರೈಸ್ಟಾರ್‌ನಲ್ಲಿ 172 ಜನರಿದ್ದರು. ಮೂರು ಎಂಜಿನ್. ಹಿಂದಿನ ರಾತ್ರಿ ಮೂರರಲ್ಲೂ ಲೋಹದ ಪುಡಿ ಹಿಡಿಯುವ ಪ್ಲಗ್ ಬದಲಿಸಿದ್ದರು. ಮೂರರಲ್ಲೂ ರಬ್ಬರ್ ಓ-ರಿಂಗ್ ಹಾಕಿರಲಿಲ್ಲ. ಆಯಿಲ್ ಸೋರಿ ಒಂದನ್ನು ಪೈಲಟ್ ನಿಲ್ಲಿಸಿದರು, ಉಳಿದೆರಡು ತಾವೇ ನಿಂತವು. ಮೊದಲು ನಿಲ್ಲಿಸಿದ್ದನ್ನೇ ಮತ್ತೆ ಹೊತ್ತಿಸಿ, ಅದೊಂದರ ಬಲದಲ್ಲಿ ಮಿಯಾಮಿಗೆ ಮರಳಿ ಇಳಿದರು. ಎಲ್ಲರೂ ಉಳಿದರು. ಒಂದೇ ಕೈ ಒಂದೇ ಸಲ ಎಲ್ಲದರಲ್ಲೂ ಒಂದೇ ಕೆಲಸ ಮಾಡಿದರೆ ಒಂದೇ ತಪ್ಪು ಎಲ್ಲದರಲ್ಲೂ ಸೇರುತ್ತದೆ. ಚಿಕ್ಕ ವಿಮಾನಕ್ಕೂ ಇದು ಅನ್ವಯ: ಎರಡೂ ಮ್ಯಾಗ್ನೆಟೊಗಳನ್ನು ಒಂದೇ ದಿನ ಬಿಚ್ಚಬೇಡಿ, ನಾಲ್ಕೂ ಸಿಲಿಂಡರನ್ನು ಹಾರಾಟದ ಮಧ್ಯಂತರವಿಲ್ಲದೆ ಬದಲಿಸಬೇಡಿ.

ಎಂಜಿನಿಯರ್ ಕೆಲಸ ಮಾಡುವಾಗ ಮಾಲೀಕರು ಹತ್ತಿರ ಇರುವುದು ಒಳ್ಳೆಯದಲ್ಲವೇ?

ಇರಿ, ಮಾತನಾಡಿಸಬೇಡಿ. ಅರ್ಧ ಬಿಗಿದ ನಟ್‌ಗಳು ಹೆಚ್ಚಾಗಿ ಫೋನ್ ಕರೆಯ ಸಮಯದಲ್ಲಿ ಹುಟ್ಟುತ್ತವೆ. ಕೆಲಸ ನಡುವೆ ನಿಂತರೆ ಎರಡು ಮೂರು ಹೆಜ್ಜೆ ಹಿಂದಕ್ಕೆ ಹೋಗಿ ಅಲ್ಲಿಂದ ಮತ್ತೆ ಆರಂಭಿಸುವ ಅಭ್ಯಾಸ ನಮ್ಮ ಕಸುಬಿನಲ್ಲಿದೆ. ನಾಳೆ ಬೆಳಿಗ್ಗೆ ಅತಿಥಿಗಳು ಬರುತ್ತಾರೆ, ಇವತ್ತೇ ಮುಗಿಸಿ ಎಂಬ ಮಾತಂತೂ ಬೇಡ.

ಎರಡು ಎಂಜಿನ್ ಇದ್ದರೆ ಈ ತಲೆನೋವೇ ಇರುವುದಿಲ್ಲವಲ್ಲ?

ಚಿಕ್ಕ ಎರಡು ಎಂಜಿನ್ ವಿಮಾನದಲ್ಲಿ ಒಂದು ನಿಂತರೆ ಹೋಗುವುದು ಅರ್ಧ ಶಕ್ತಿ, ಆದರೆ ಮೇಲೇರುವ ಸಾಮರ್ಥ್ಯದಲ್ಲಿ ಶೇಕಡ 80 ಅಥವಾ ಅದಕ್ಕೂ ಹೆಚ್ಚು. ಜೊತೆಗೆ ಉಳಿದ ಎಂಜಿನ್ ವಿಮಾನವನ್ನು ಪಕ್ಕಕ್ಕೆ ತಿರುಗಿಸಲು ಎಳೆಯುತ್ತದೆ. ಅಭ್ಯಾಸ ಚೆನ್ನಾಗಿರುವವರಿಗೆ ಅದು ವರ, ಇಲ್ಲದವರಿಗೆ ಒಂಟಿ ಎಂಜಿನ್ನೇ ವಾಸಿ.

ರಿಪೇರಿ ಆದ ಮೇಲೆ ಮೊದಲ ಹಾರಾಟ ಹೇಗಿರಬೇಕು?

ಹಗಲು, ಒಳ್ಳೆಯ ಹವೆ, ಪ್ರಯಾಣಿಕರಿಲ್ಲ. ಹೊರಡುವ ಮುಂಚೆ ಮ್ಯಾಗ್ನೆಟೊಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು: ಸೆಸ್ನಾ 172ರ ಹಳೆಯ ಮಾದರಿಗಳಲ್ಲಿ ನಿಮಿಷಕ್ಕೆ 1700 ಸುತ್ತಿನಲ್ಲಿ ಒಂದನ್ನು ಆಫ್ ಮಾಡಿದಾಗ ಸುತ್ತಿನ ಇಳಿಕೆ 125 ಮೀರಬಾರದು, ಎರಡರ ನಡುವಿನ ಅಂತರ 50 ಮೀರಬಾರದು. ಇಳಿಕೆಯೇ ಇಲ್ಲದಿದ್ದರೆ ಖುಷಿಪಡಬೇಡಿ, ಅರ್ಥ್ ತಂತಿ ಕಡಿದಿರಬಹುದು. ಏರಿದ ಮೇಲೆ ಮೈದಾನದ ಮೇಲೆಯೇ, ತೇಲಿ ಮರಳಬಹುದಾದ ದೂರದಲ್ಲಿ ಸುತ್ತಬೇಕು. ಅರ್ಧ ಗಂಟೆಯ ನಂತರ ಇಳಿದು, ಎಂಜಿನ್ ಹೊದಿಕೆ ತೆಗೆದು, ಬಿಚ್ಚಿ ಜೋಡಿಸಿದ ಪ್ರತಿ ಕೀಲಿನ ಬಳಿಯೂ ಟಾರ್ಚ್ ಹಿಡಿದು ಆಯಿಲ್ ಜಿನುಗಿದೆಯೇ, ಪೆಟ್ರೋಲಿನ ನೀಲಿ ಕಲೆ ಬಿದ್ದಿದೆಯೇ ಎಂದು ನೋಡಬೇಕು. ಲಾಗ್ ಬುಕ್‌ನಲ್ಲಿ ಬರೆಯುವುದು ಅದಾದ ಮೇಲೆ.